ನಾಲ್ಕನೇ ಸಾಲಿನ ಕೆಮ್ಮು

ನಮ್ಮ ಮೇಲಿನ ಮನೆಯ ಮಿಲ್ಕಾ ಟೀಚರ್ ಐವತ್ತೆರಡನೆಯ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿನಿಯಾದರು. ಆ ವಯಸ್ಸಿನಲ್ಲಿ ನಾನು ಹೊಸದಾಗಿ ಕಲಿತ ವಿದ್ಯೆ ಎಂದರೆ ಹಣೆಯ ಮೇಲಿರುವ ಕನ್ನಡಕವನ್ನು ಮನೆಯೆಲ್ಲ ಹುಡುಕುವುದು. ಆದ್ದರಿಂದ ಅವರ ಮೇಲೆ ನನಗೆ ಗೌರವ, ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚು.

ಪೂರ್ತಿ ಹೆಸರು ಮಿಲ್ಕಾ ಝಿರಾಡಕರ್. ಕೊಂಕಣ ಮೂಲದ ಯಹೂದಿ ಮನೆತನ, ಮನೆಮಾತು ಮರಾಠಿ. ಹಿಂದೆ ಅವರ ಜನ ಗಾಣ ಆಡಿಸುತ್ತಿದ್ದರಂತೆ. ಶನಿವಾರ ಮಾತ್ರ ಎತ್ತು ಬಿಚ್ಚಿಬಿಡುತ್ತಿದ್ದರಿಂದ ಊರವರು 'ಶನಿವಾರದ ಗಾಣಿಗರು' ಎನ್ನುತ್ತಿದ್ದರಂತೆ. ಇದನ್ನು ಕೇಳಿದ್ದೇ ತಡ, ಬೀದರಿನ ಗಾಣಿಗರ ಮಗಳಾದ ನನ್ನ ಹೆಂಡತಿ ಮಂಜುಶ್ರೀ, "ಹಂಗಂದ್ರ ನಮ್ಮೋರೇ ಬಿಡ್ರಿ" ಎಂದು ಮೇಲಕ್ಕೆ ಜೋಳದ ರೊಟ್ಟಿ ಕಳಿಸತೊಡಗಿದಳು. ನಾನು ಟೀಚರಿಗೆ 'ಭಾವೂ', ಅಂದರೆ ಅಣ್ಣ, ಆದೆ.

ಟೀಚರ್ ಹಗಲು ನಾವಿರುವ ಸಂಭಾಜಿನಗರದ ಒಂದು ಶಾಲೆಯಲ್ಲಿ ಗಣಿತ ಹೇಳುತ್ತಿದ್ದರು. ಸಂಜೆ ಕಂಪ್ಯೂಟರಿನ ಮುಂದೆ ಎರಡು ವರ್ಷದ ತರಬೇತಿ. ಪಾಸಾದರೆ ನಾಶಿಕ್‌ನಿಂದ ಜಾಲ್ನಾವರೆಗೆ ಚದುರಿರುವ ಯಹೂದಿ ಮಕ್ಕಳ ಧರ್ಮಶಿಕ್ಷಣಕ್ಕೆ ಅವರೇ ಮುಖ್ಯಸ್ಥೆ. ಮಕ್ಕಳೆಂದರೆ ಒಟ್ಟು ಐದು. ಮಿಕ್ಕ ಮನೆಗಳವರು ಇಸ್ರೇಲಿಗೆ ಹೋದರು, ಹೋಗದ ಹಿರಿಯರು ಸ್ಮಶಾನಕ್ಕೆ.

"ಐದು ಮಕ್ಕಳಿಗೊಬ್ಬ ಮುಖ್ಯಸ್ಥೆಯೇ?" ಎಂದು ನಾನು ನಕ್ಕೆ.

"ಗುರುಲಿಂಗ್ ಭಾವೂ, ನಿಮ್ಮ ಶೇಂದ್ರಾ ಕಾರ್ಖಾನೆಯಲ್ಲಿ ಮೂರು ಜನಕ್ಕೊಬ್ಬ ಮ್ಯಾನೇಜರ್ ಇದ್ದಾನಂತಲ್ಲ?"

ಆ ಮ್ಯಾನೇಜರು ನಾನೇ.

ತೊಂದರೆ ಶುರುವಾದದ್ದು ಕಳೆದ ಶ್ರಾವಣದಲ್ಲಿ. ಶುಕ್ರವಾರ ಸಂಜೆ ಬಟ್ಟಲು ಹಿಡಿದು ಹೇಳುವ ಅವರ ಪ್ರಾರ್ಥನೆಯನ್ನು ಐದು ಮಕ್ಕಳೂ ಕಲಿತಿದ್ದರು. ಠಾಣೆ ಪಟ್ಟಣದಿಂದ ತರಬೇತಿ ಕೊಡುವ ಮಾರ್ಗದರ್ಶಕಿ ಕಂಪ್ಯೂಟರಿನಲ್ಲೇ ಪರೀಕ್ಷೆ ಮಾಡಿದರು. ಮೊದಲನೆಯ ಹುಡುಗಿ ನಾಲ್ಕನೇ ಸಾಲಿನ ನಡುವೆ ಕೆಮ್ಮಿದಳು. ಎರಡನೆಯವಳೂ ಅಲ್ಲೇ ಕೆಮ್ಮಿದಳು. ಐದನೆಯ ಮಗು ಕೆಮ್ಮಿದಾಗ ಮಾರ್ಗದರ್ಶಕಿ, "ನಿಮ್ಮ ಕಡೆ ಜ್ವರ ಹರಡಿದೆಯೇ?" ಎಂದು ಕೇಳಿದರು.

"ಇಲ್ಲವಲ್ಲ, ಅದು ಇರುವುದೇ ಹಾಗೆ," ಎಂದು ಮಿಲ್ಕಾ ಟೀಚರ್ ತಾವೇ ಹೇಳಿ ತೋರಿಸಿದರು. ಅವರೂ ಕೆಮ್ಮಿದರು. ಎರಡು ಸಲ, ಎರಡನೆಯದು ಕೊಂಚ ಆಳವಾಗಿ.

"ಈ ಕೆಮ್ಮು ಯಾವ ಪುಸ್ತಕದಲ್ಲಿದೆ, ಮಿಲ್ಕಾ?"

ಯಾವ ಪುಸ್ತಕದಲ್ಲೂ ಇರಲಿಲ್ಲ. ಇದ್ದದ್ದು ಒಂದು ಕ್ಯಾಸೆಟ್ಟಿನಲ್ಲಿ. ಅವರ ತಂದೆ ನಾಶಿಕ್ ರೋಡ್ ಸ್ಟೇಷನ್ನಿನಲ್ಲಿ ರೈಲ್ವೆ ಗಾರ್ಡು. ಶುಕ್ರವಾರ ಡ್ಯೂಟಿ ಬಿದ್ದರೆ ಮನೆಯಲ್ಲಿ ಮಗಳೇ ಬಟ್ಟಲು ಹಿಡಿಯಬೇಕು. ಕಲಿಯಲಿ ಎಂದು ಒಂದು ಗುರುವಾರ ತಮ್ಮ ದನಿ ತುಂಬಿಟ್ಟಿದ್ದರು. ಕಲ್ಲಿದ್ದಲ ಹೊಗೆ ಕುಡಿದ ಎದೆ, ನಾಲ್ಕನೇ ಸಾಲಿಗೆ ಕೆಮ್ಮು ಬಂತು. ಒಂಬತ್ತರ ಮಗಳು ಕೆಮ್ಮನ್ನೂ ಬಾಯಿಪಾಠ ಮಾಡಿದಳು. ತಂದೆ ಹೋದರು. ಕ್ಯಾಸೆಟ್ಟು ಯಂತ್ರದ ಹಲ್ಲಿಗೆ ಸಿಕ್ಕಿ ಶ್ಯಾವಿಗೆಯಾಯಿತು. ನಲವತ್ತಮೂರು ವರ್ಷ ಟೀಚರ್ ಪ್ರತಿ ಶುಕ್ರವಾರ ದೇವರೆದುರು ಅಪ್ಪನ ಕೆಮ್ಮು ಕೆಮ್ಮಿದ್ದರು.

ಮಾರ್ಗದರ್ಶಕಿ ಕಟುಕಿಯಲ್ಲ, ಆದರೆ ನಿಯಮದವರು. ಒಂದು ತಿಂಗಳಲ್ಲಿ ನಾಶಿಕ್‌ನಲ್ಲಿ ಕಡೆಯ ಪಾಠ. ಟೀಚರೂ ಮಕ್ಕಳೂ ಶುದ್ಧ ಪಾಠ ಹೇಳಬೇಕು, ಇಲ್ಲವಾದರೆ ಪ್ರಮಾಣಪತ್ರವಿಲ್ಲ.

ಮಕ್ಕಳು ವಾರದಲ್ಲೇ ಕೆಮ್ಮು ಮರೆತರು. ಟೀಚರಿಗೆ ಆಗಲಿಲ್ಲ. ಸಂಜೆ ನನ್ನನ್ನೂ ಮಂಜುಶ್ರೀಯನ್ನೂ ಕೂರಿಸಿಕೊಂಡು ಅಭ್ಯಾಸ ಮಾಡುತ್ತಿದ್ದರು. ಮೂರು ಸಾಲು ನೀರಿನಂತೆ ಹರಿಯುತ್ತಿತ್ತು. ನಾಲ್ಕನೆಯದಕ್ಕೆ ದನಿ ನಿಂತು, ಕಣ್ಣು ಬಾಗಿಲ ಕಡೆ ಹೋಗುತ್ತಿತ್ತು.

"ದೊಡ್ಡವರು ಒಳಗೆ ಬರುವ ಮುಂಚೆ ಹೊರಗೆ ನಿಂತು ಕೆಮ್ಮುತ್ತಾರಲ್ಲ ಭಾವೂ? ನಾನು ಕೆಮ್ಮದಿದ್ದರೆ ಅಪ್ಪ ಹೊಸ್ತಿಲಲ್ಲೇ ನಿಂತುಬಿಡುತ್ತಾರೆ. ಅವರ ದನಿ ಎಂದು ನನ್ನ ಹತ್ತಿರ ಇರುವುದು ಅದೊಂದೇ."

"ಕಷಾಯ ಮಾಡಿಕೊಡ್ಲೇನ್ರಿ ಟೀಚರ್?" ಎಂದಳು ಮಂಜುಶ್ರೀ, ಬೇರೇನೂ ಹೊಳೆಯದೆ.

ನಾನು ನಗಲಿಲ್ಲ, ನಗುವ ಹಕ್ಕು ನನಗಿಲ್ಲ. ನಮ್ಮಪ್ಪನ ನಡುಬೆರಳು ಕಬ್ಬಿನ ಗಾಣಕ್ಕೆ ಸಿಕ್ಕಿ ಹೋಗಿತ್ತು. ವಿಭೂತಿ ಹಚ್ಚಿದರೆ ಮೂರರ ಬದಲು ಎರಡೇ ಗೆರೆ ಮೂಡುತ್ತಿತ್ತು. ಹತ್ತೂ ಬೆರಳು ಗಟ್ಟಿಯಾಗಿರುವ ನಾನು ಇವತ್ತಿಗೂ ನಡುಬೆರಳು ಎತ್ತಿಯೇ ಹಚ್ಚುತ್ತೇನೆ. "ನಿಮ್ಮಪ್ಪಾರ ಬೆರಳು ಹೋಗಿತ್ತು, ನಿಮ್ಮದಕ್ಕೇನಾಗ್ಯಾದ?" ಎಂದು ಮಂಜುಶ್ರೀ ಇಪ್ಪತ್ತು ವರ್ಷದಿಂದ ಕೇಳುತ್ತಿದ್ದಾಳೆ.

ಆ ತಿಂಗಳು ನಮ್ಮ ಮೆಟ್ಟಿಲೂ ಬದಲಾಯಿತು. ಕಾರ್ಖಾನೆಯಲ್ಲಿ ಯಂತ್ರದ ನಡುಕ ಅಳೆಯುವ ನಾನು, ಸಂಜೆ ಐದೂವರೆಗೆ ಮೆಟ್ಟಿಲೇರುವಾಗ ಬೆನ್ನ ಹಿಂದೆ ಯಾರೋ ಎರಡು ಸಲ ಕೆಮ್ಮಿದಂತಾಗಿ ಬ್ಯಾಗು ಬಿಟ್ಟು ಓಡಿದ್ದುಂಟು. "ಕೆಮ್ಮಿದ್ದು ನೀವೇ ಬಿಡ್ರಿ" ಎಂದು ಮಂಜುಶ್ರೀ ಸಾಧಿಸಿದಳು. ಇರಬಹುದು. ಆದರೆ ನಾನು ಎರಡು ಸಲ ಕೆಮ್ಮುವವನಲ್ಲ.

ಕಡೆಯ ಪಾಠದ ಭಾನುವಾರ ನಾನೇ ಕಾರಿನಲ್ಲಿ ಟೀಚರನ್ನು ನಾಶಿಕ್‌ಗೆ ಕರೆದೊಯ್ದೆ. ವೈಜಾಪುರ ದಾಟುವವರೆಗೂ ಅವರು ಮೊದಲ ಮೂರು ಸಾಲನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು. ನಾಶಿಕ್ ರೋಡಿನ ಒಂದು ಮಗುವಿನ ಮನೆಯಲ್ಲಿ ಪಾಠ. ಕಿಟಕಿಯಾಚೆ ರೈಲು ಹಳಿ. ಅವರ ಪದ್ಧತಿಯಂತೆ ಒಣದ್ರಾಕ್ಷಿ ನೆನೆಹಾಕಿ ಹಿಂಡಿದ ಶರಬತ್ತು ಬೆಳ್ಳಿಯ ಬಟ್ಟಲಲ್ಲಿತ್ತು. ನನಗೂ ಒಂದು ಲೋಟ ಕೊಟ್ಟು ಹಿಂದಿನ ಬಾಗಿಲ ಬಳಿ ಕೂರಿಸಿದರು.

ಐದು ಮಕ್ಕಳೂ ಹೇಳಿದರು. ಯಾರೂ ಕೆಮ್ಮಲಿಲ್ಲ. ಮಾರ್ಗದರ್ಶಕಿ ಪುಸ್ತಕದಲ್ಲಿ ಏನೋ ಬರೆದುಕೊಂಡು, "ಈಗ ನೀವು" ಎಂದರು.

ಮಿಲ್ಕಾ ಟೀಚರ್ ಬಟ್ಟಲೆತ್ತಿದರು. ಒಂದು, ಎರಡು, ಮೂರು ಸಾಲು. ನಾಲ್ಕನೆಯದರ ನಡುವೆ ದನಿ ನಿಂತಿತು. ಬಟ್ಟಲು ವಾಲಿ ಶರಬತ್ತು ಅಂಚಿಗೆ ಬಂತು. ಅವರು ತುಟಿ ಕಚ್ಚಿಕೊಂಡರು. ಕೆಮ್ಮಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ದ್ರಾಕ್ಷಿಯ ಸಿಪ್ಪೆ ಗಂಟಲಿಗೆ ಸಿಕ್ಕಿತು ಎಂದು ಆಮೇಲೆ ಟೀಚರೊಬ್ಬರನ್ನು ಬಿಟ್ಟು ಎಲ್ಲರಿಗೂ ಹೇಳಿದ್ದೇನೆ. ಬಾಗಿಲ ಬಳಿ ಕೂತಿದ್ದ ನಾನು ಕೆಮ್ಮಿದೆ. ಎರಡು ಸಲ, ಎರಡನೆಯದು ಕೊಂಚ ಆಳವಾಗಿ.

ಮಕ್ಕಳು ತಿರುಗಿದರು. ಮಾರ್ಗದರ್ಶಕಿ ಕನ್ನಡಕದ ಮೇಲಿಂದ ನೋಡಿದರು. ಟೀಚರ್ ಮಾತ್ರ ತಿರುಗಲಿಲ್ಲ. ಭುಜ ಇಳಿಯಿತು, ಉಳಿದ ಸಾಲುಗಳನ್ನು ಒಂದಕ್ಷರ ತಪ್ಪದೆ ಹೇಳಿ ಮುಗಿಸಿದರು.

ಪಾಸಾದರು. ಹಿಂದಿರುಗುವಾಗ ವೈಜಾಪುರದಲ್ಲಿ ಚಹಾ ಕುಡಿಯುತ್ತ ಕೇಳಿದರು: "ಅಪ್ಪನ ಕೆಮ್ಮು ನಿಮಗೂ ಕೇಳಿಸಿತಾ, ಭಾವೂ?"

ನಾನು ಲೋಟದೊಳಗೆ ನೋಡುತ್ತ, "ಕೇಳಿಸಿತು" ಎಂದೆ.

ಈಗ ಮೇಲಿನ ಮನೆಯಿಂದ ಶುಕ್ರವಾರದ ಪ್ರಾರ್ಥನೆ ಶುದ್ಧವಾಗಿ ಕೇಳಿಸುತ್ತದೆ. ನಾಲ್ಕನೇ ಸಾಲಿನ ನಡುವೆ ಚೂರೇ ಚೂರು ಬಿಡುವು. ಆ ಹೊತ್ತಿಗೆ ನಾನು ಮೆಟ್ಟಿಲ ಮೇಲಿದ್ದರೆ, ಎಷ್ಟೇ ಗಂಟಲು ಕೆರೆದರೂ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ. ನನ್ನ ಕೆಮ್ಮಿನ ಗುರುತು ಅವರಿಗೆ ಸಿಗಬಾರದು.