ನಾನು ಹಿಡಿದ ಗೋಣಿ

ದಿನಾ ಬೆಳಿಗ್ಗೆ ಆರಕ್ಕೆ ಅಣ್ಣನಿಂದ ಫೋನಿಗೊಂದು ಚಿತ್ರ ಬರುತ್ತದೆ. ಗುಂಗುರು ಗಡ್ಡದ ಗ್ರೀಕ್ ಜ್ಞಾನಿಯೊಬ್ಬನ ಕಲ್ಲಿನ ತಲೆ, ಹಿಂದೆ ಸೂರ್ಯೋದಯ, ಕೆಳಗೆ ಒಳ್ಳೆಯ ನಡತೆಯ ಬಗ್ಗೆ ಎರಡು ಸಾಲು. ನೋಡಿದ ಕೂಡಲೇ ಮೈ ಉರಿಯುತ್ತದೆ. ಆ ಮನುಷ್ಯ ಆ ಮಾತು ಹೇಳಿದ್ದನೋ ಇಲ್ಲವೋ, ಅದು ಹಾಗಿರಲಿ. ಕಳಿಸುವ ಕೈ ಎಂಥದ್ದು ಎಂದು ನನಗೆ ಗೊತ್ತು. ಇನ್ನೂ ಹೇಸಿಗೆಯ ಸಂಗತಿಯೆಂದರೆ, ಅವನಿಗೆ ಈ ಗ್ರೀಕರ ಹುಚ್ಚು ಹಿಡಿಸಿದವನು ನಾನೇ.

ಪಿರಿಯಾಪಟ್ಟಣದ ಕಾಲೇಜೊಂದರಲ್ಲಿ ನಿವೃತ್ತಿಯವರೆಗೂ ಇತಿಹಾಸ ಪಾಠ ಮಾಡಿದವನು ನಾನು. ಪ್ರಾಚೀನ ಗ್ರೀಸಿನ ಪಾಠ ಬಂದಾಗ ಕಪ್ಪುಹಲಗೆಯ ನಡುವೆ ಗೆರೆ ಎಳೆದು ಒಂದು ಕಡೆ ಅದೃಷ್ಟ, ಇನ್ನೊಂದು ಕಡೆ ನಡತೆ ಎಂದು ಬರೆಯುತ್ತಿದ್ದೆ. ಮಳೆ, ಹರಾಜಿನ ದರ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೆಂಕಿ ಬೀಳುವುದು, ಇವೆಲ್ಲ ಎಡಗಡೆಗೆ. ಬೇಲಿನ, ಅಂದರೆ ಮಾರಲು ಕಟ್ಟುವ ಗೋಣಿಮೂಟೆಯ, ಹೊಟ್ಟೆಗೆ ನೀವು ಏನು ತುಂಬುತ್ತೀರಿ ಎನ್ನುವುದು ಬಲಗಡೆಗೆ. ಚೆನ್ನಾಗಿ ಬದುಕುವುದು ಬಲಗಡೆಯ ಕೆಲಸ ಎಂದು ಗ್ರೀಕರು ತಿಳಿದಿದ್ದರು ಎನ್ನುತ್ತಿದ್ದೆ. ಮಕ್ಕಳು ಮುಸಿಮುಸಿ ನಗುತ್ತಿದ್ದರು. ಹೊಗೆಸೊಪ್ಪು ಬೆಳೆಯುವ ಮನೆಗಳ ಮಕ್ಕಳು ಅವರು. ಗೋಣಿಯಲ್ಲಿ ಬೇಲು ಕಟ್ಟುವಾಗ ಮೇಲೆ ಕೆಳಗೆ ಹಳದಿ ಎಲೆ ಜೋಡಿಸಿ, ನಡುವೆ ಕರಿ ಎಲೆ ತುರುಕುವುದನ್ನು ಎಲ್ಲರೂ ಕಂಡವರೇ.

ನಿವೃತ್ತನಾದ ಮೇಲೆ ಊರಿಗೆ ಬಂದು ಅಣ್ಣನ ಜೊತೆ ಉಳಿದೆ. ನಮ್ಮ ಮನೆಗೆ ಎಲೆ ವಿಂಗಡಿಸಲು ಒಬ್ಬ ಹೆಂಗಸು ಬರುತ್ತಿದ್ದಳು, ನಮ್ಮ ಬೀದಿಯವಳೇ. ಬೆರಳಲ್ಲಿ ಮುಟ್ಟಿಯೇ ಎಲೆಯ ದರ್ಜೆ ಹೇಳುವಷ್ಟು ಪಳಗಿದವಳು. ತನ್ನ ತುಂಡು ಹೊಲದಲ್ಲಿ ತಾನೂ ಬೆಳೆದಿದ್ದಳು. ವರ್ಷವೆಲ್ಲ ದುಡಿದರೂ ಅವಳದು ಒಂದೇ ಒಂದು ಬೇಲು ಆಗಿತ್ತು. ಅದು ಅವಳ ಸ್ವಂತ ಬೆಳೆಗಾರ ನಂಬರಿನಲ್ಲಿ, ನಮ್ಮ ಹನ್ನೊಂದು ಬೇಲುಗಳ ಜೊತೆ ನಮ್ಮ ಗಾಡಿಯಲ್ಲಿ ಹರಾಜಿಗೆ ಹೋಗುವುದಿತ್ತು.

ಹರಾಜಿನ ಹಿಂದಿನ ದಿನ ಅಣ್ಣ ನಮ್ಮ ಕೊನೆಯ ಬೇಲಿನ ಹೊಟ್ಟೆಗೆ ಮುಗ್ಗಲು ಹಿಡಿದ ಕರಿ ಎಲೆ ತುಂಬಿದ. ಗೋಣಿಯ ಬಾಯಿ ಅಗಲಿಸಿ ಹಿಡಿದುಕೊಂಡವನು ನಾನು. ಇದು ಯಾಕೆ ಎಂದದ್ದಕ್ಕೆ, ಎಲ್ಲರೂ ಮಾಡೋದೇ ಕಣ್ಲಾ, ಸುಮ್ನೆ ಹಿಡ್ಕೊ ಎಂದ. ಹಿಡಿದೆ. ಗೋಣಿ ಒಂದು ಕಡೆ ಹರಿದಿತ್ತು, ನೀಲಿ ಪ್ಲಾಸ್ಟಿಕ್ ದಾರದಲ್ಲಿ ನಾನೇ ಹೊಲಿದೆ. ಬಾಗಿಲ ಬಳಿ ಬೆನ್ನು ಮಾಡಿ ಕೂತು ಎಲೆ ವಿಂಗಡಿಸುತ್ತಿದ್ದ ಆ ಹೆಂಗಸು ನೋಡಲಿಲ್ಲ ಎಂದುಕೊಂಡೆ.

ಹರಾಜು ಮಾರುಕಟ್ಟೆಯಲ್ಲಿ ಆ ದಿನ ತಪಾಸಣೆ ಬಿಗಿಯಾಗಿತ್ತು. ಅಧಿಕಾರಿ ಪ್ರತಿ ಬೇಲಿನೊಳಕ್ಕೂ ಮೊಣಕೈವರೆಗೆ ಕೈ ಇಳಿಸುತ್ತಿದ್ದ. ಆ ಹೆಂಗಸು ಟೀ ಕುಡಿಯಲು ಹೋಗಿದ್ದಳು. ಅಣ್ಣ ಅತ್ತಿತ್ತ ನೋಡಿ ಅವಳ ಬೇಲಿನ ನಂಬರು ಚೀಟಿ ಬಿಚ್ಚಿ ನಮ್ಮ ಕೊಳಕು ಬೇಲಿನ ಗೋಣಿಗೆ ಕಟ್ಟಿದ, ನಮ್ಮ ಚೀಟಿಯನ್ನು ಅವಳದಕ್ಕೆ ಕಟ್ಟಿದ. ನಾನು ಕಂಡೆ. ಕಂಡು ಫೋನ್ ತೆಗೆದು ಅದರಲ್ಲಿ ಏನೋ ಓದುವವನಂತೆ ನಿಂತೆ.

ಅಧಿಕಾರಿಯ ಕೈಗೆ ಕರಿ ಎಲೆ ಬಂತು. ಬೇಲು ವಾಪಸ್ ಎಂದ. ಅವಳು ಓಡಿ ಬಂದು, ಇದು ನಂದಲ್ಲ ಸ್ವಾಮಿ, ನಂದು ಅಲ್ಲೈತೆ ಎಂದು ನಮ್ಮ ಸಾಲಿನ ಕಡೆ ಕೈ ತೋರಿಸಿದಳು. ಚೀಟಿ ನಿಮ್ಮದೇ ಅಲ್ಲವೇನಮ್ಮಾ ಎಂದು ಅವನು ಕೇಳಿದ. ಆಮೇಲೆ ಅವನ ಕಣ್ಣು ನನ್ನ ಮೇಲೆ ಬಿತ್ತು. ನನ್ನ ಹಳೆಯ ವಿದ್ಯಾರ್ಥಿ ಅವನು. ಆ ಗೆರೆ ಎಳೆದ ಕಪ್ಪುಹಲಗೆಯ ಮುಂದೆ ಕೂತಿದ್ದವನು.

"ಸರ್, ನೀವೇ ಹೇಳ್ಬುಡಿ. ನಿಮ್ಮ ಮಾತು ಸಾಕು ನನಗೆ."

ನೀಲಿ ದಾರದ ಹೊಲಿಗೆ ಕಣ್ಣೆದುರಿಗೇ ಇತ್ತು. ಅವಳೂ ಅದನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ ಕಣಪ್ಪ," ಎಂದೆ. "ಕಟ್ಟುವಾಗ ನಾನು ಇರಲಿಲ್ಲ."

ಅವಳ ಹಳದಿ ಎಲೆ ನಮ್ಮ ಹೆಸರಿನಲ್ಲಿ ಒಳ್ಳೆಯ ದರಕ್ಕೆ ಹೋಯಿತು. ಗಾಡಿಯಲ್ಲಿ ಬರುವಾಗ ಅಣ್ಣ, ಪಾಪ, ಅವಳ ಹಣೆಬರಹ ಎಂದ. ಅದೃಷ್ಟದ ತಲೆಗೆ ಕಟ್ಟಿ ಕೈ ತೊಳೆದುಕೊಂಡ. ನನಗೆ ಅವನ ಮೇಲೆ ಹೇಸಿಗೆ ಹುಟ್ಟಿತು. ಆದರೆ ಅವನು ಯಾವತ್ತೂ ಪಾಠ ಮಾಡಿದವನಲ್ಲ. ಮಾಡಿದವನು ನಾನು, ಅವನ ಪಕ್ಕದಲ್ಲೇ ಕೂತಿದ್ದೆ. ಅಧಿಕಾರಿಗೆ ಫೋನ್ ಮಾಡಿ ನಿಜ ಹೇಳಬಹುದಿತ್ತು. ಎರಡು ದಿನ ನಂಬರು ತೆಗೆದು ನೋಡಿದೆ, ಮಾಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವಳು ವಾಪಸಾದ ಆ ಬೇಲನ್ನು ನಮ್ಮ ಅಂಗಳಕ್ಕೇ ತಂದು ಇಳಿಸಿದಳು. ಯಾರನ್ನೂ ಬಯ್ಯಲಿಲ್ಲ. ನನ್ನ ನೀಲಿ ದಾರವನ್ನು ಕುಡುಗೋಲಿನ ತುದಿಯಿಂದ ಕೊಯ್ದು, ಎಲೆಯನ್ನೆಲ್ಲ ಹರವಿ ಸಂಜೆವರೆಗೂ ಕೂತು ವಿಂಗಡಿಸಿದಳು. ಮುಗ್ಗಲು ಎಲೆಯನ್ನು ನಮ್ಮ ಹೊಸಿಲ ಮುಂದೆ ರಾಶಿ ಹಾಕಿದಳು. ಅಣ್ಣ ಒಳಗೆ ಟಿವಿಯ ಸದ್ದು ಜೋರು ಮಾಡಿಕೊಂಡು ಕೂತಿದ್ದ. ಉಳಿದ ಒಳ್ಳೆಯ ಎಲೆ ಅರ್ಧ ಬೇಲು ಆದೀತು. ಅವಳು ಗೋಣಿ ಎತ್ತಿ ನನ್ನ ಮುಂದೆ ಹಿಡಿದಳು.

"ಹಿಡ್ಕಳಿ ಮೇಷ್ಟ್ರೇ. ಅವತ್ತು ಹಿಡ್ಕಂಡಿದ್ರಲ್ಲ, ಅಂಗೇ."

ಹಿಡಿದೆ. ತಲೆ ಎತ್ತಲಾಗಲಿಲ್ಲ. ಅವಳು ಒಂದೊಂದೇ ಕಟ್ಟು ಜೋಡಿಸಿ ತುಂಬಿದಳು. ತುಂಬಿ ಆದ ಮೇಲೂ ಬಾಯಿ ಹೊಲಿಯಲಿಲ್ಲ.

"ಈಗ ಕೈ ಹಾಕಿ ನೋಡಿ, ತಳದಗಂಟ. ನಾಳೆ ಯಾರಾರ ಕೇಳುದ್ರೆ, ಕಟ್ಟೋವಾಗ ಇರ್ಲಿಲ್ಲ ಅನ್ಬ್ಯಾಡಿ."

ಮೊಣಕೈವರೆಗೆ ಕೈ ಇಳಿಸಿದೆ. ತಳದವರೆಗೂ ಒಳ್ಳೆಯ ಎಲೆಯೇ ಇತ್ತು.