ಬ್ರೆಜಿಲಿನ ಕುಣಿ

ಬನಹಟ್ಟಿ ಬಸ್ ನಿಲ್ದಾಣದ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಆಧಾರ್ ಕಾರ್ಡು, ಜಾತಿ ಪ್ರಮಾಣಪತ್ರ, ಕನ್ಯೆ ಹುಡುಕುವವರ ಬಯೋಡಾಟ, ಇವೇ ನನ್ನ ಹೊಟ್ಟೆ ಹೊರೆಯುವ ಸಾಹಿತ್ಯ. ಆರೇಳು ವರ್ಷದಿಂದ ಅದಕ್ಕೆ ಇನ್ನೊಂದು ಸೇರಿದೆ, ಪರದೇಶದ ಮನೆಗಳ ಬಣ್ಣದ ಚಿತ್ರ. ಜಪಾನಿನ ಗಾಜಿನ ಮನೆ, ನಾರ್ವೆಯ ಹುಲ್ಲಿನ ಮಾಳಿಗೆ, ಮೆಕ್ಸಿಕೋದಲ್ಲಿ ಗೋಡೆಯಿಂದ ಸುಮ್ಮನೆ ಚಾಚಿಕೊಂಡ ಮೆಟ್ಟಿಲು. ಜನ ಮೊಬೈಲಿನಿಂದ ಪ್ರಿಂಟ್ ತೆಗೆಸಿ, ಅದನ್ನು ನಾಲ್ಕು ಮಡಿಕೆ ಮಾಡಿ, ಮನೆ ಕಟ್ಟುವ ಗೌಂಡಿ ರಾಮಣ್ಣನ ಕೈಗಿಟ್ಟು ‘ಇಂಥಾದ್ದ ಆಗಬೇಕು’ ಅನ್ನುತ್ತಾರೆ. ಇರುವುದು ಮೂವತ್ತು-ನಲವತ್ತರ ಸೈಟು, ಎದುರಿಗೆ ಚರಂಡಿ, ಪಕ್ಕಕ್ಕೆ ಖಟಖಟ ಅನ್ನುವ ಪವರ್‌ಲೂಮ್ ಶೆಡ್ಡು. ಆದರೂ ಇಂಥಾದ್ದೇ ಆಗಬೇಕು.

ರಾಮಣ್ಣ ಯಾರಿಗೂ ಇಲ್ಲ ಅಂದವನಲ್ಲ. ಅದೇ ಅವನ ದೊಡ್ಡ ರೋಗ. ನಕ್ಷೆ ಓದಲು ಅವನಿಗೆ ಬರುವುದಿಲ್ಲ, ಚಿತ್ರ ಓದುತ್ತಾನೆ. ಪ್ರಿಂಟನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ತಲೆಕೆಳಗು ಮಾಡಿಯೂ ನೋಡಿ, ‘ಆಗತೈತಿ ತಗೋರಿ’ ಅನ್ನುತ್ತಾನೆ. ಆಗಿಯೂ ಬಿಡುತ್ತದೆ. ತೊಂದರೆ ಶುರುವಾಗುವುದು ಅದರಲ್ಲಿ ಜನ ವಾಸಕ್ಕೆ ಬಂದ ಮೇಲೆ.

ಮುಧೋಳದ ಬಸಗೊಂಡಪ್ಪನಿಗೆ ಜಪಾನಿನ ಹಾಗೆ ಮುಂಗಡೆ ಪೂರಾ ಗಾಜಿನ ಗೋಡೆ ಕಟ್ಟಿಕೊಟ್ಟ. ಬಸಗೊಂಡಪ್ಪ ತಿಮ್ಮಾಪುರದಿಂದ ತಂದು ಸಾಕಿದ ನಾಯಿ, ಗಾಜಿನೊಳಗೆ ತನ್ನಷ್ಟೇ ಉದ್ದನೆಯ ಇನ್ನೊಂದು ನಾಯಿಯನ್ನು ಕಂಡು ಮೂರು ದಿನ ಅನ್ನ ಬಿಟ್ಟಿತು. ಈಗ ಆ ಗಾಜಿಗೆ ಒಳಗೂ ಹೊರಗೂ ಬನಹಟ್ಟಿಯ ಚಾದರ ತೂಗುಬಿದ್ದಿವೆ. ಬೀಳಗಿಯ ಯಂಕವ್ವನ ಮನೆಗೆ ಕೈಹಿಡಿಯಲು ಕಟಾಂಜನವಿಲ್ಲದ ಮೆಕ್ಸಿಕೋ ಮೆಟ್ಟಿಲು ಹಚ್ಚಿದ. ಯಂಕವ್ವ ಒಮ್ಮೆ ಮೇಲೆ ಹತ್ತಿ, ಕೂತುಕೊಂಡೇ ಜಾರುತ್ತ ಇಳಿದು, ರಾಮಣ್ಣನ ಮೂರು ತಲೆಮಾರಿನ ಹೆಸರು ಹಿಡಿದು ಬೈದಳು. ಈಗ ಒಂದು ಮೆಟ್ಟಿಲ ಮೇಲೆ ಮೆಣಸಿನಕಾಯಿ, ಇನ್ನೊಂದರ ಮೇಲೆ ಶ್ಯಾವಿಗೆ ಒಣಗುತ್ತವೆ. ತೇರದಾಳದ ಗಿರಮಲ್ಲಪ್ಪನಿಗೆ ನಾರ್ವೆಯಂತೆ ಮಾಳಿಗೆ ಮೇಲೆ ಹುಲ್ಲು ಬೆಳೆಸಿಕೊಟ್ಟ. ವಾಸ್ತುಶಾಂತಿಯ ದಿನ ಪುರೋಹಿತರಿಗಿಂತ ಮೊದಲು ಓಣಿಯ ಆಡುಗಳು ಮೇಲೇರಿದ್ದವು.

‘ಏನೋ ಇದು?’ ಅಂತ ಗಿರಮಲ್ಲಪ್ಪ ಕೇಳಿದ.

‘ಚಿತ್ರದಾಗ ಇದ್ದಂಗ ಮಾಡೇನ್ರಿ. ಚಿತ್ರದಾಗ ಆಡು ಇರಲಿಲ್ಲ’ ಅಂದ ರಾಮಣ್ಣ.

ಇಂಥ ಮನುಷ್ಯನಿಗೆ ಊರು ಯಾಕೆ ಮತ್ತೆ ಮತ್ತೆ ಕೆಲಸ ಕೊಡುತ್ತದೆ ಅಂದರೆ, ಅವನು ಕಟ್ಟಿದ ಗೋಡೆ ಬಿರುಕು ಬಿಡುವುದಿಲ್ಲ, ಅವನು ಹಾಸಿದ ಕಲ್ಲಿನ ಮೇಲೆ ನೀರು ನಿಲ್ಲುವುದಿಲ್ಲ. ಆ ಕೈ ಅವನಿಗೆ ಬಂದದ್ದು ಮಗ್ಗದಿಂದ. ನೇಕಾರರ ಮನೆಯಲ್ಲಿ ಹುಟ್ಟಿ, ಇಪ್ಪತ್ತೆರಡು ವರ್ಷದವನಾಗುವ ತನಕ ಅಪ್ಪನ ಕುಣಿಮಗ್ಗದಲ್ಲಿ ಕೂತು ಸೀರೆ ನೇಯ್ದವನು. ಮನೆಯ ನಡುವೆ ನೆಲದಲ್ಲಿ ಮೊಣಕಾಲುದ್ದದ ಒಂದು ಕುಣಿ. ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು ತುಳಿಯುತ್ತ, ಕೈಯಲ್ಲಿ ಲಾಳಿ ಓಡಿಸುವುದು. ಓಣಿ ತುಂಬ ಪವರ್‌ಲೂಮ್ ಬಂದಾಗ ರಾಮಣ್ಣ ಎದ್ದು ಇಟ್ಟಿಗೆ ಹಿಡಿದ. ಅವನೆದ್ದ ಜಾಗದಲ್ಲಿ ಹೆಂಡತಿ ಅನಸವ್ವ ಕೂತಳು. ಮೂವತ್ತು ವರ್ಷವಾಯಿತು, ಇನ್ನೂ ಕೂತಿದ್ದಾಳೆ.

ಈಗ ಆ ಕುಣಿಗೇ ಕುತ್ತು ಬಂದಿತ್ತು. ಮಗ ನವೀನ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ರಬಕವಿಯ ನಂದಾ ಎಂಬ ಹುಡುಗಿಯೊಂದಿಗೆ ಅವನ ಮದುವೆ ಗೊತ್ತಾಗಿತ್ತು. ಮದುವೆಗೆ ಮೊದಲು ಮನೆಯ ನೆಲಕ್ಕೆ ಫರ್ಸಿ ಕಲ್ಲು ಹಾಸಬೇಕು, ನಡುಮನೆಯಲ್ಲಿ ಸೋಫಾ ಬರಬೇಕು ಎಂದು ನವೀನ ಹಟ ಹಿಡಿದ. ಸೋಫಾ ಕುಣಿಯೊಳಗೆ ನಿಲ್ಲುವುದಿಲ್ಲವಲ್ಲ. ಕುಣಿ ಮುಚ್ಚಲು ಒಂದು ಟ್ರಾಲಿ ಗರಸು ಮಣ್ಣು ತರಿಸಿ ಮನೆಯ ಮುಂದೆ ಸುರಿಸಿಯೂ ಬಿಟ್ಟ. ಲೋಕದ ಮನೆಗಳನ್ನೆಲ್ಲ ಕಟ್ಟುವ ರಾಮಣ್ಣ ತನ್ನ ಮನೆಯಲ್ಲಿ ಬಾಯಿ ಬಿಡಲಿಲ್ಲ. ಅನಸವ್ವ ಮಾತ್ರ ಒಂದೇ ಮಾತು ಅಂದಳು.

‘ಹಾಸಿನ ಮ್ಯಾಗ ಇನ್ನ ಮೂರು ಸೀರಿ ಅದಾವ. ಈ ಹಾಸು ಮುಗೀಲಿ. ಆಮ್ಯಾಲ ಮುಚ್ಚರಿ.’

ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲು. ನೇಕಾರರು ಒಂದು ಹಾಸು ಮುಗಿಯಿತೆಂದು ಮಗ್ಗದಿಂದ ಪೂರಾ ಕತ್ತರಿಸಿ ತೆಗೆಯುವುದಿಲ್ಲ. ಗೇಣುದ್ದದ ಎಳೆ ಉಳಿಸಿ, ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಜೋಡಿಸುತ್ತಾರೆ. ಪೂರಾ ಕತ್ತರಿಸಿದರೆ ಮಗ್ಗ ಅಲ್ಲಿಗೆ ಮುಗಿಯಿತು ಅಂತ ಅರ್ಥ. ಅನಸವ್ವನ ಮಾವನ ಕಾಲದಿಂದಲೂ ಆ ಮಗ್ಗದ ಮೇಲೆ ಎಳೆ ಕಡಿದಿರಲಿಲ್ಲ. ಮೂರು ದಿನಕ್ಕೊಂದು ಸೀರೆ ಇಳಿಸುತ್ತಿದ್ದವಳು ಈಗ ಹತ್ತು ದಿನ ಹಚ್ಚತೊಡಗಿದಳು. ಯಾರಾದರೂ ಕೇಳಿದರೆ ಬೆನ್ನು ನೋವು ಅನ್ನುತ್ತಿದ್ದಳು.

ಅದೇ ಹೊತ್ತಿಗೆ ಜಮಖಂಡಿಯ ದತ್ತಾತ್ರೇಯರ ಕೆಲಸ ನಡೆದಿತ್ತು. ಅವರು ನೋಂದಣಿ ಕಚೇರಿಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಜೀವನವಿಡೀ ಮಂದಿಯ ಮನೆಗಳನ್ನು ಕಾಗದದ ಮೇಲೆ ಕಂಡು, ಅರವತ್ತೆರಡಕ್ಕೆ ತಮಗೂ ಒಂದು ಬೇಕೆಂದು ಹೊರಟಿದ್ದರು. ಮಗಳು ರಸಿಕಾ ಪುಣೆಯಲ್ಲಿ ಶ್ರೀಮಂತರ ಮನೆಗಳ ಒಳಾಂಗಣ ಸಿಂಗರಿಸುವವಳು. ಅವಳು ಅಲ್ಲಿಂದಲೇ ಒಂದು ಚಿತ್ರ ಕಳಿಸಿ, ‘ಹಾಲ್ ನಡುವ ಇಂಥಾ ತಗ್ಗು ಮಾಡಿಸ್ರಿ ಬಾಬಾ’ ಎಂದು ಅಪ್ಪನಿಗೆ ಹೇಳಿದ್ದಳು. ಅಪ್ಪ ಅದನ್ನು ನನ್ನ ಫೋನಿಗೆ ದೂಡಿದರು, ನಾನು ಸರಿಯಾಗಿ ನೋಡದೆಯೇ ಪ್ರಿಂಟ್ ತೆಗೆದು ರಾಮಣ್ಣನಿಗೆ ಕೊಟ್ಟೆ. ಚಿತ್ರದಲ್ಲಿ ಬರೀ ಸಿಮೆಂಟಿನ ದೊಡ್ಡ ಹಾಲು, ಮನುಷ್ಯರ ಸುಳಿವಿಲ್ಲ, ನಡುವೆ ಒಂದು ತಗ್ಗು.

‘ಇದ್ಯಾ ಊರ್ರಿ, ಸಾವಕಾರ್ರ?’ ಅಂತ ರಾಮಣ್ಣ ಕೇಳಿದ. ನನ್ನನ್ನು ಅವನು ಕರೆಯುವುದೇ ಹಾಗೆ, ಬರೀ ಚೇಷ್ಟೆಗೆ.

‘ಬ್ರೆಜಿಲ್ ಅಂತ ಬರದೈತಿ.’

‘ಅಲ್ಲೂ ನೇಕಾರರು ಅದಾರೇನ್ರಿ?’

‘ಯಾಕ?’

‘ಕುಣಿ ಐತಲ್ರಿ. ನೇಕಾರ ಅಲ್ಲದವ ಮನಿ ನಡುವ ಕುಣಿ ಯಾಕ ತೋಡತಾನ?’

ನನಗೂ ಹೌದೆನ್ನಿಸಿತು. ಬನಹಟ್ಟಿಯಲ್ಲಿ ಹುಟ್ಟಿದವನಿಗೆ ಇನ್ನೇನು ಅನ್ನಿಸಬೇಕು? ಪುಣೆಯ ಹುಡುಗಿಗೆ ಮಗ್ಗದ ಹುಚ್ಚು ಹತ್ತಿರಬೇಕು, ದೊಡ್ಡ ಊರಿನವರಿಗೆ ಇಂಥವೆಲ್ಲ ಹತ್ತುತ್ತವೆ ಎಂದು ಇಬ್ಬರೂ ನಿಶ್ಚಯಿಸಿಕೊಂಡೆವು. ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನನ್ನ ಪ್ರಿಂಟರು ಬಲಗಡೆ ಮೂರು ಬೆರಳು ಅಗಲ ನುಂಗಿಬಿಡುತ್ತದೆ. ಆ ತಗ್ಗು ಬಲಕ್ಕೆ ಹಿಗ್ಗುತ್ತ ಹೋಗಿ, ಅದರೊಳಗೆ ಹತ್ತು ಮಂದಿ ಉರುಳಾಡುವಷ್ಟು ಮೆತ್ತನೆಯ ಸೋಫಾ ಇದ್ದದ್ದು ಆ ಮೂರು ಬೆರಳಿನಲ್ಲೇ ಹೋಗಿತ್ತು.

ದತ್ತಾತ್ರೇಯರ ವಾಸ್ತುಶಾಂತಿಗೆ ನಾವಿಬ್ಬರೂ ಹೋದೆವು. ಗೃಹಸ್ಥರು ಆ ದಿನ ಗೌಂಡಿಯನ್ನು ಕೂರಿಸಿ, ಬಟ್ಟೆ ಕೊಟ್ಟು ಆಹೇರಿ ಮಾಡುವುದು ನಮ್ಮ ಕಡೆಯ ಪದ್ಧತಿ. ರಾಮಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಗಡ್ಡ ಹೆರೆಸಿಕೊಂಡು ಬಂದಿದ್ದ. ಹಾಲಿನ ನಡುವೆ ಅವನ ಕುಣಿ ಹೊಳೆಯುತ್ತಿತ್ತು. ಮಗಳು ಕೇಳಿದ್ದು ಇದೇ ಇರಬೇಕೆಂದು ದತ್ತಾತ್ರೇಯರೂ ಒಪ್ಪಿಕೊಂಡಿದ್ದರು. ನಾಲ್ಕಡಿ ಉದ್ದ, ಎರಡಡಿ ಅಗಲ, ಮೊಣಕಾಲುದ್ದ ಆಳ, ಅಂಚಿಗೆ ನುಣ್ಣಗೆ ತೀಡಿದ ಕಲ್ಲು, ಬಲಗೈಗೆ ಸಿಗುವ ಹಾಗೆ ನೂಲು ಸುತ್ತಿದ ಕಂಡಿಕೆ ಇಡುವ ಪುಟ್ಟ ಗೂಡು. ಪುರೋಹಿತರು ಬಂದವರೇ ಅದರ ಪಕ್ಕದಲ್ಲಿ ಸಮಿಧೆ ಇಳಿಸಿ, ‘ಹೋಮಕುಂಡ ಇಷ್ಟು ದೊಡ್ಡದು ಬೇಕಾಗಿರಲಿಲ್ಲ’ ಅಂದರು.

ರಸಿಕಾ ಹಿಂದಿನ ದಿನ ಬರಬೇಕಾದವಳು ಅಂದು ಬೆಳಿಗ್ಗೆ ಬಂದಿಳಿದಳು. ಒಳಗೆ ಕಾಲಿಟ್ಟು, ಕುಣಿ ನೋಡಿ, ಬ್ಯಾಗು ಹೆಗಲ ಮೇಲೆ ಇಟ್ಟುಕೊಂಡೇ ನಿಂತುಬಿಟ್ಟಳು.

‘ಏನದ ಇದು? ಇದರಾಗ ಯಾರು ಕೂಡಬೇಕು?’

‘ನೀವ ಕೂಡೂದ್ರಿ ತಂಗಿ. ಮಗ್ಗ ಯಾವಾಗ ಬರತೈತ್ರಿ?’ ಅಂತ ರಾಮಣ್ಣ ಕೇಳಿದ.

‘ಯಾವ ಮಗ್ಗ?’

ಅಲ್ಲಿದ್ದ ನೆಂಟರು ನಗತೊಡಗಿದರು. ರಸಿಕಾ ಫೋನು ತೆಗೆದು ಪೂರ್ತಿ ಚಿತ್ರ ತೋರಿಸಿದಳು. ರಾಮಣ್ಣ ಸೋಫಾ ನೋಡಿದ, ನನ್ನ ಮುಖ ನೋಡಿದ. ನಾನು ತೋರಣದ ಮಾವಿನ ಎಲೆ ಎಣಿಸುತ್ತ ನಿಂತೆ. ಅವನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ನಾಯಿ, ಆಡು, ಯಂಕವ್ವ ಯಾರಿಗೂ ಜಗ್ಗದವನು, ತನಗೆ ಚೆನ್ನಾಗಿ ಗೊತ್ತಿದ್ದ ಒಂದೇ ಒಂದು ಕೆಲಸದಲ್ಲಿ ನಗೆಪಾಟಲಾಗಿದ್ದ. ನನಗೆ ಆ ನೆಂಟರ ಮೇಲೆ ಸಿಟ್ಟೂ ಬಂತು, ನನ್ನ ಪ್ರಿಂಟರಿನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು.

‘ನಾಳೆನ ಸಿಮೆಂಟ್ ಹಾಕಿ ಮುಚ್ಚಿಬಿಡರಿ, ರಾಮಣ್ಣ’ ಅಂದರು ದತ್ತಾತ್ರೇಯ.

ಪೂಜೆ ಮುಗಿದು ಪಂಕ್ತಿ ಕೂತಿತು. ದತ್ತಾತ್ರೇಯರ ಹೆಂಡತಿ ಮಥುರಾಬಾಯಿಯವರಿಗೆ ಮೊಣಕಾಲು ಪೂರಾ ಮಡಚಲು ಬಾರದೆ ಆರು ವರ್ಷವಾಗಿತ್ತು. ಎಲ್ಲರೂ ನೆಲದ ಮೇಲೆ ಕೂತರೆ ಅವರದೊಂದು ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ, ತಾಟು ತೊಡೆಯ ಮೇಲೆ. ಅಂದು ಕುರ್ಚಿ ಹಳೆಯ ಬಾಡಿಗೆ ಮನೆಯಲ್ಲೇ ಉಳಿದಿತ್ತು. ಅವರು ಅತ್ತಿತ್ತ ನೋಡಿ, ಗೋಡೆ ಹಿಡಿದು ಬಂದು, ಮಗಳ ಕೈ ಹಿಡಿದುಕೊಂಡು ಮೆಲ್ಲಗೆ ಕುಣಿಯ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಟ್ಟರು. ಎಲೆ ಎಲ್ಲರ ಎಲೆಯ ಸಾಲಿಗೇ ಬಂತು. ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿಗೆ ಅವರ ಕಣ್ಣು ತುಂಬಿಬಂದಿತ್ತು.

‘ಆರು ವರ್ಷ ಆತು, ಪಂಕ್ತಿಯೊಳಗ ಕೂತು’ ಅಂದರು.

ದತ್ತಾತ್ರೇಯ, ‘ಸಾವಕಾಶ ಊಟ ಮಾಡು, ನಾಳೆ ಹ್ಯಾಂಗೂ ಮುಚ್ಚತಾರ’ ಅಂದರು.

‘ಮುಚ್ಚೂದಿದ್ದರ ನನ್ನನ್ನೂ ಇದರಾಗ ಹಾಕಿ ಮುಚ್ಚರಿ’ ಅಂದರು ಮಥುರಾಬಾಯಿ. ಮತ್ತೆ ಸಾರಿಗೆ ಕೈ ಚಾಚಿದರು.

ಅಲ್ಲಿಗೆ ಆ ಚರ್ಚೆ ಮುಗಿಯಿತು. ಊಟವಾದ ಮೇಲೆ ರಸಿಕಾ ಬಾಗಿಲು, ಕಿಟಕಿ, ಬೆಳಕು ನೋಡಿಕೊಂಡು, ತಾಯಿಯ ಕಾಲು ಸಮೇತ ಕುಣಿಯ ಹತ್ತು-ಹನ್ನೆರಡು ಫೋಟೋ ಹೊಡೆದಳು. ರಾಮಣ್ಣನಿಗೆ ದತ್ತಾತ್ರೇಯರು ಧೋತರ, ಟಾವೆಲ್ಲು ಕೊಟ್ಟು ಆಹೇರಿ ಮಾಡಿದರು. ಮಥುರಾಬಾಯಿ ಕುಣಿಯಿಂದ ಏಳದೆಯೇ ಅವನಿಗೆ ಕೈ ಮುಗಿದರು.

ಇಷ್ಟಾದರೂ ಬನಹಟ್ಟಿಯ ದಾರಿಯಲ್ಲಿ ರಾಮಣ್ಣ ಆ ಧೋತರದ ಮಡಿಕೆ ಬಿಚ್ಚಿಯೂ ನೋಡಲಿಲ್ಲ. ಗಾಡಿ ನಾನೇ ಓಡಿಸುತ್ತಿದ್ದೆ. ಊರು ಹತ್ತಿರ ಬಂದಾಗ ಬೆನ್ನ ಹಿಂದಿನಿಂದ ಅಂದ, ‘ಮಂದಿ ಮನ್ಯಾಗ ಕುಣಿ ತೋಡಿ ಧೋತರ ತಗೊಂಡ ಬಂದೆ. ನಮ್ಮ ಮನ್ಯಾಗ ಮುಚ್ಚಾಕತ್ತೇನಿ. ನನಗ ಮನಸಿಲ್ಲರಿ. ಆಕಿ ಮಾರಿ ನೋಡಾಕ ಆಗವಲ್ದು.’

‘ಮಗಗ ಹೇಳು ಮತ್ತ.’

‘ಅಪ್ಪ ಹೇಳಿದ ಅಂದಕೂಡಲೆ ಅದು ಹಳೇದಾಗತೈತ್ರಿ.’

ಅವನಂದದ್ದು ಸುಳ್ಳಲ್ಲ. ನನ್ನ ಮನೆಯಲ್ಲೂ ಇಂಥ ಇಬ್ಬರು ಮಕ್ಕಳಿದ್ದಾರೆ.

ಇಪ್ಪತ್ತು ದಿನ ಕಳೆದವು. ಎರಡು ಸೀರೆ ಇಳಿದು, ಮೂರನೆಯದು ಸೆರಗಿನ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ನವೀನ ನನ್ನ ಅಂಗಡಿಗೆ ಬಂದ. ಫೋನು ಮುಂದೆ ಹಿಡಿದು, ‘ಕಾಕಾ, ಇದರದೊಂದು ಕಲರ್ ಪ್ರಿಂಟ್ ತಗೀರಿ. ನಂದಾ ಕಳಿಸ್ಯಾಳ. ಮೊಬೈಲಿನ್ಯಾಗ ಜಗತ್ತಿನ್ಯಾಗಿನ ಛಲೋ ಛಲೋ ಮನಿ ಫೋಟೋ ಹಾಕ್ತಾರಲ್ರಿ, ಅದರಾಗ ಬಂದೈತಂತ. ಪೋರ್ಚುಗಲ್ ಇರಬೇಕು’ ಅಂದ.

ನೋಡಿದೆ. ನುಣ್ಣಗಿನ ಕಲ್ಲಂಚು, ಕಿಟಕಿಯಿಂದ ಓರೆಯಾಗಿ ಬಿದ್ದ ಬಿಸಿಲು, ಎಡಕ್ಕೆ ಪುಟ್ಟ ಗೂಡು. ಬಲತುದಿಯಲ್ಲಿ ಎರಡು ಕಾಲು, ಬೆರಳಿಗೆ ಬೆಳ್ಳಿಯ ಕಾಲುಂಗುರ. ಪೋರ್ಚುಗಲ್ಲಿನ ಹೆಂಗಸರು ಕಾಲುಂಗುರ ಹಾಕುವುದನ್ನು ಯಾವಾಗ ಕಲಿತರೋ, ಮೊಬೈಲಿನ ಹೊಟ್ಟೆ ಸೀಳಿ ನೋಡುವ ಈ ಹುಡುಗನಿಗೆ ಅದೊಂದು ಕಾಣಿಸಲಿಲ್ಲ. ನಾನು ಗುಂಡಿ ಒತ್ತಿದೆ. ಪ್ರಿಂಟರು ಈ ಸಲವೂ ಬಲಗಡೆ ಮೂರು ಬೆರಳು ನುಂಗಿತು. ರಸಿಕಾ ಹೊಡೆದ ಫೋಟೋದಿಂದ ಮಥುರಾಬಾಯಿಯವರ ಕಾಲು ಮಾಯವಾದವು. ಜನ್ಮದಲ್ಲಿ ಮೊದಲ ಬಾರಿ ಆ ಯಂತ್ರಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ. ಆಮೇಲೆ ಅಂಗಡಿಯ ಬಾಗಿಲು ಎಳೆದುಕೊಂಡು ಅವನ ಹಿಂದೆಯೇ ಹೋದೆ.

ರಾಮಣ್ಣ ಬಾಗಿಲ ಬಳಿ ಗರಸಿನ ರಾಶಿಯ ಪಕ್ಕದಲ್ಲಿ ಸಲಿಕೆ ಹಿಡಿದು ನಿಂತಿದ್ದ. ಒಳಗೆ ಅನಸವ್ವ ಕುಣಿಯಲ್ಲಿದ್ದಳು. ನೇಯಲು ಇನ್ನು ನಾಲ್ಕೇ ಬೆರಳು ಉಳಿದಿತ್ತು. ಮಗ್ಗದ ಮೇಲೆ ಕತ್ತರಿ ಇಟ್ಟುಕೊಂಡಿದ್ದಳು. ನವೀನ ಪ್ರಿಂಟು ತೆಗೆದು ಅವಳ ಮುಂದೆ ಹಿಡಿದ.

‘ಯವ್ವಾ, ಕುಣಿ ಮುಚ್ಚೂದು ಬ್ಯಾಡ. ಈಗ ಪರದೇಶದಾಗ ಮನಿ ನಡುವ ಹಿಂಗ ಕುಣಿ ತೋಡಾಕತ್ತಾರ. ಮಗ್ಗನೂ ಇರಲಿ ಅಂತಾಳ ನಂದಾ. ಅಲ್ಲೆ ಹಳೇ ಸಾಮಾನು ಮಂದಿಗೆ ಕಾಣೂವಂಗ ಇಡತಾರಂತ.’

‘ಹಳೇ ಸಾಮಾನು ಅಂದರ ಅದರಾಗ ನಾನೂ ಬಂದೆನೇನಪಾ?’ ಅಂದಳು ಅನಸವ್ವ.

ಅವಳು ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅದರಲ್ಲಿನ ಗೂಡಿನ ಮೇಲೆ ಒಂದು ಬೆರಳು ಇಟ್ಟಳು. ಇನ್ನೊಂದು ಕೈ ತನ್ನ ಪಕ್ಕದ ಗೂಡಿಗೆ ಹೋಗಿ ಒಂದು ಕಂಡಿಕೆ ಎತ್ತಿಕೊಂಡಿತು. ಎರಡೂ ಗೂಡು ಒಂದೇ ಅಳತೆ, ಒಂದೇ ಓರೆ. ಬಾಗಿಲ ಕಡೆ ಕಣ್ಣೆತ್ತಿ ಗಂಡನನ್ನು ನೋಡಿದಳು. ರಾಮಣ್ಣ ಸಲಿಕೆಯನ್ನೇ ನೋಡುತ್ತ ನಿಂತಿದ್ದ.

‘ಯಾ ದೇಶ ಅಂದೆಪಾ?’

‘ಪೋರ್ಚುಗಲ್ ಯವ್ವಾ.’

‘ಛಲೋ ಐತಿ. ಆ ದೇಶದ ಗೌಂಡಿ ಬಾಳ ಶ್ಯಾಣ್ಯಾ ಅದಾನ ನೋಡು.’

ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿ ಅವನ ಕೆಲಸವನ್ನು ಹೊಗಳಿದ್ದು ಅದೇ ಮೊದಲು, ಅದೂ ಪೋರ್ಚುಗಲ್ಲಿನವನ ಹೆಸರಿನಲ್ಲಿ. ರಾಮಣ್ಣ ಧೂಳು ಬಿತ್ತೆಂದು ಟಾವೆಲ್ಲಿನಿಂದ ಕಣ್ಣು ಒರೆಸಿಕೊಂಡ. ಜಮಖಂಡಿಯ ಆಹೇರಿಯ ಟಾವೆಲ್ಲು ಅದು.

ಅನಸವ್ವನ ಬೆನ್ನು ನೋವು ಎಲ್ಲಿ ಹೋಯಿತೋ, ನಾಲ್ಕು ಬೆರಳು ನೇಯ್ಗೆ ನಾವು ನಿಂತಿದ್ದಂತೆಯೇ ಮುಗಿಯಿತು. ಕತ್ತರಿ ತೆಗೆದುಕೊಂಡು ಸೀರೆಯನ್ನು ಇಳಿಸಿದಳು. ಹಿಂದೆ ಗೇಣುದ್ದದ ಎಳೆ ಮಗ್ಗದ ಮೇಲೆಯೇ ಉಳಿದವು. ಸೀರೆಯನ್ನು ಮಡಿಚಿ ನವೀನನ ಕೈಗಿಟ್ಟು, ಇದು ನಂದಾಗೆ ಅಂದಳು. ಆಮೇಲೆ ಬಾಗಿಲ ಕಡೆ ತಿರುಗಿದಳು.

‘ಸಲಿಕಿ ಇಟ್ಟು ಪ್ಯಾಟಿಗೆ ಹೋಗಿ ಹೊಸಾ ಹಾಸು ತರ್ರಿ. ಆರು ಸೀರೀದು ತರ್ರಿ.’