ಮೆಲಾಕಾ ದಾರಿಯಲ್ಲಿ ಕುದಿದ ಕಾರು

ಮಲೇಷ್ಯಾದ ಮಟಮಟ ಮಧ್ಯಾಹ್ನದಲ್ಲಿ ಕಾರಿನ ಹೀಟರ್ ಹಾಕಿಕೊಂಡು ಕೂತವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕೂತಿದ್ದೆ. ನಗಬೇಡಿ, ಆವತ್ತು ನಮಗ್ಯಾರಿಗೂ ನಗು ಬರಲಿಲ್ಲ.

ಆಯುಧಪೂಜೆಯ ಮರುದಿನ ಮೆಲಾಕಾದಿಂದ ಮಗಳು ರಶ್ಮಿಯ ಫೋನು ಬಂತು: ಹೆರಿಗೆ ನೋವು ಶುರುವಾಗಿದೆ. ಅವಳು ಅಲ್ಲಿ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಅಳಿಯ ಆನಂದನ ಕೆಲಸ ಸೈಬರ್‌ಜಯಾದಲ್ಲಿ. ಹಬ್ಬಕ್ಕೆಂದು ನಾನು ಅವನ ಮನೆಗೆ ಬಂದಿದ್ದೆ. ಹೆರಿಗೆಯ ಹೊತ್ತಿಗೆ ಪಕ್ಕದಲ್ಲೇ ಇರುತ್ತೇನೆ ಎಂದು ಅವನು ರಶ್ಮಿಗೆ ಮಾತು ಕೊಟ್ಟಿದ್ದ. ನೂರಿಪ್ಪತ್ತು ಕಿಲೋಮೀಟರ್ ದಾರಿ. ಉಟ್ಟ ಸೀರೆಯಲ್ಲೇ ಕಾರು ಹತ್ತಿದೆ.

ಸೆರೆಂಬಾನ್ ದಾಟಿದ ಮೇಲೆ ಎರಡೂ ಕಡೆ ಎಣ್ಣೆತಾಳೆ ತೋಟಗಳೇ. ಅಲ್ಲೇ ಟೆಂಪರೇಚರ್ ಮುಳ್ಳು ಕೆಂಪು ಗೆರೆಯತ್ತ ಏರತೊಡಗಿತು. ಆನಂದ ಏಸಿ ಆರಿಸಿ ಹೀಟರ್ ಹಾಕಿದ.

"ಅತ್ತೆ, ಇಂಜಿನ್ ಬಿಸಿ ಸ್ವಲ್ಪ ಈ ಕಡೆ ಎಳ್ಕೊಳ್ಳಲಿ. ಕಿಟಕಿ ಇಳಿಸಿ."

ರವಿಕೆಯೆಲ್ಲ ಬೆವರಲ್ಲಿ ತೊಯ್ದುಹೋಯಿತು. ಹೇಗೋ ಹೆದ್ದಾರಿ ಪಕ್ಕದ ತಂಗುದಾಣ ಸೇರಿ ಬಾನೆಟ್ ಎತ್ತಿದರೆ ಬುಸ್ಸೆಂದು ಹಬೆ. ಅಷ್ಟರಲ್ಲಿ ರಶ್ಮಿಯ ಫೋನು ಮತ್ತೆ. "ಎಲ್ಲಿದೀರಾ?" ಎಂದವಳ ದನಿ ನಡುಗುತ್ತಿತ್ತು.

ಆನಂದ ಕೈಗೆ ಟವೆಲ್ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳದ ಕಡೆ ಬಾಗಿದ. ನಾನು ಅಡ್ಡ ನಿಂತೆ.

"ಅಳಿಯಂದ್ರೇ, ಕುಕ್ಕರ್ ಹಬೆ ಇಳೀದೇ ಮುಚ್ಚಳ ತೆಗೀತೀರಾ?"

"ಟೈಮಿಲ್ಲ ಅತ್ತೆ!"

"ಮುಖ ಸುಟ್ಕೊಂಡ್ರೂ ಆಸ್ಪತ್ರೆಗೇ ಹೋಗ್ತೀರಿ ಬಿಡಿ. ವಾರ್ಡ್ ಬೇರೆ, ಅಷ್ಟೇ."

ಅವನು ಹಲ್ಲು ಕಚ್ಚಿ ಕಾಯುತ್ತ ಕಾರಿನ ಮುಂದೆ ಶತಪಥ ಹಾಕಿದ. ಹಾಕುತ್ತಿದ್ದವನು ಥಟ್ಟನೆ ನಿಂತ.

"ಅತ್ತೆ, ಈ ಬಾಳೆಎಲೆ ಯಾರು ಕಟ್ಟಿದ್ದು?"

"ನಾನೇ. ಪೂಜೆಗೆ ಬಾಳೆಕಂದು ಎಲ್ಲೂ ಸಿಗಲಿಲ್ವಲ್ಲ. ಎಲೆನೇ ಕಟ್ಟಿ ಮೇಲೊಂದು ದಪ್ಪ ಚೆಂಡುಹೂವಿನ ಹಾರ ಹಾಕ್ದೆ."

"ರೇಡಿಯೇಟರಿಗೆ ಗಾಳಿ ಹೋಗೋದೇ ಈ ಜಾಲರಿಯಿಂದ ಅತ್ತೆ! ಪೂರ್ತಿ ಮುಚ್ಚಿಬಿಟ್ಟಿದೀರಲ್ಲ!"

ಎಲೆ, ಹಾರ ಎರಡನ್ನೂ ನಾನೇ ಕಿತ್ತೆ, ಜಾಲರಿಯೊಳಗೆ ಸಿಕ್ಕಿದ್ದ ಎಸಳುಗಳನ್ನು ಹೇರ್‌ಪಿನ್ನಿನಿಂದ ಎಳೆದೆ. ಕಾರು ಪೂರ್ತಿ ತಣ್ಣಗಾದ ಮೇಲೆ ಅವನು ಮುಚ್ಚಳ ತಿರುಗಿಸಿ ಬಾಟಲಿ ನೀರು ತುಂಬಿದ. ಅಲ್ಲಿಂದ ಮೆಲಾಕಾವರೆಗೂ ಇಬ್ಬರ ಕಣ್ಣೂ ಆ ಮುಳ್ಳಿನ ಮೇಲೇ. ಅದು ನಡುವೆಯೇ ನಿಂತಿತ್ತು.

ಆಸ್ಪತ್ರೆ ಸೇರಿದಾಗ ಮಗು ಇನ್ನೂ ಹುಟ್ಟಿರಲಿಲ್ಲ. ಒಳಗೆ ಒಬ್ಬರಿಗೇ ಅವಕಾಶ ಎಂದಳು ನರ್ಸ್. ಆನಂದ ಚಪ್ಪಲಿ ಬಿಡುವಷ್ಟರಲ್ಲಿ ನಾನು ಬಾಗಿಲಲ್ಲಿ ತಲೆ ತೂರಿಸಿ, "ರಶ್ಮಿ, ನಾನೇ ಬರ್ಲೇನೇ?" ಎಂದೆ.

ನೋವಿನ ನಡುವೆಯೂ ಮಗಳು ಗದರಿದಳು: "ನೀನು ಬಂದ್ರೆ ಹೆರೋದು ಹೇಗೆ ಅಂತ ನಂಗೇ ಪಾಠ ಹೇಳ್ತೀಯಾ! ಅವರನ್ನ ಕಳ್ಸಿ, ಹೊರಗೆ ಕೂತ್ಕೋ ಹೋಗಮ್ಮ!"